ನಾನೂ 400ರ ಸಾಲಿನವನೇ
ಬೇ ಏರಿಯಾದ ಕನ್ನಡದ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ



ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಇಬ್ಬರು ತಾಯಂದಿರು. ಒಬ್ಬರು ಕೇಳಿದರು, "ಮಗಂದು ಎಲ್ಲಿ ಆಯ್ತು?" ಇನ್ನೊಬ್ಬರು ತುಸು ತಡೆದು, "ಇನ್ನೂ ನೋಡ್ತಾ ಇದ್ದೀವಿ, ಎರಡು ಮೂರು ಕಡೆಯಿಂದ ಬಂದಿದೆ" ಎಂದವರೇ ಮಾವಿನಕಾಯಿ ಚಿತ್ರಾನ್ನದ ಕಡೆ ತಿರುಗಿಬಿಟ್ಟರು. ಅವರ ಮಗ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಹೋಗುವುದೆಂದು ತೀರ್ಮಾನವಾಗಿದೆ ಎನ್ನುವುದು ನನಗೆ ಗೊತ್ತಿತ್ತು. ಯಾವ ಮ್ಯಾತ್‌ನಿಂದ ಶುರು ಮಾಡಲಿ ಅಂಕಲ್ ಎಂದು ಹಿಂದಿನ ವಾರವಷ್ಟೇ ಹುಡುಗ ಫೋನ್ ಮಾಡಿದ್ದ. ಅವನ ದನಿಯಲ್ಲಿ ಉತ್ಸಾಹ ಇತ್ತು. ಅಮ್ಮನ ದನಿಯಲ್ಲಿ ಇರಲಿಲ್ಲ.

ಹಬ್ಬದ ದಿನ ಆ ತಾಯಿ ತಲೆ ತಪ್ಪಿಸಿಕೊಳ್ಳಬೇಕಾಯಿತಲ್ಲ, ಅದರ ತಪ್ಪು ಅವರದಲ್ಲ. ಸಾಲಿನಲ್ಲಿ ನಿಂತಿದ್ದ ನಮ್ಮೆಲ್ಲರದು. ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ಅದಕ್ಕೇ ಈ ಪತ್ರ.

ಮೊದಲು ನನ್ನ ವಿಷಯ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಹೋಗದೆ ಪಾಲಿಟೆಕ್ನಿಕ್ ಸೇರಿದವನು ನಾನು. ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ. ಬೇಗ ಕೆಲಸ ಸಿಗುತ್ತದೆ ಎಂಬುದು ಮನೆಯವರ ಲೆಕ್ಕ. ಫಿಟ್ಟಿಂಗ್ ಶಾಪಿನಲ್ಲಿ ಕಬ್ಬಿಣದ ತುಂಡನ್ನು ಉಜ್ಜಿ ಉಜ್ಜಿ ಚೌಕ ಮಾಡಿ, ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡ ಮೇಲೆ ಓದುವ ಆಸೆ ಹೆಚ್ಚಾಯಿತು. ಡಿಪ್ಲೊಮಾದವರಿಗೆ ಇರುವ ಸಿಇಟಿ ಬರೆದು, ಬಿಇಯ ಎರಡನೇ ವರ್ಷಕ್ಕೆ, ಅಂದರೆ ನೇರ ಮೂರನೇ ಸೆಮಿಸ್ಟರ್‌ಗೆ ಸೇರಿದೆ. ಲ್ಯಾಟರಲ್ ಎಂಟ್ರಿ.

ವಿಟಿಯುನಲ್ಲಿ ಓದಿದವರಿಗೆ ಯುಎಸ್‌ಎನ್ ಅಂದರೆ ಗೊತ್ತು. ಕಾಲೇಜು, ವರ್ಷ, ವಿಭಾಗ ಎಲ್ಲವೂ ಆ ಒಂದು ನಂಬರಿನಲ್ಲಿ ಇರುತ್ತದೆ. ಪಿಯುಸಿ ಮುಗಿಸಿ ಬಂದವರ ಕೊನೆಯ ಮೂರು ಅಂಕಿ 001, 002 ಎಂದು ಹೋಗುತ್ತವೆ. ನಮ್ಮವು 400ರಿಂದ ಶುರು. ನನ್ನದು 407. ಹಾಜರಿ ಕೂಗುವಾಗ ಎಲ್ಲರ ಹೆಸರೂ ಮುಗಿದು, ಮೇಷ್ಟ್ರು ಒಂದು ಕ್ಷಣ ನಿಲ್ಲಿಸಿ, "ಡಿಪ್ಲೊಮಾದವರು" ಎನ್ನುತ್ತಿದ್ದರು. ಅಷ್ಟೇ. ಬೈಗುಳವಲ್ಲ, ಆದರೆ ನಾಲ್ಕು ಗೋಡೆಯೊಳಗೆ ನಮಗೊಂದು ಐದನೇ ಗೋಡೆ. ಲೇತ್ ಮುಂದೆ ನಾವು ರಾಜರು. ಫೂರಿಯೆ ಸರಣಿ ಬಂದಾಗ ಬೆಂಚಿನ ಕೆಳಗೆ ಅಡಗುವವರೂ ನಾವೇ. ಮೂರನೇ ಸೆಮಿಸ್ಟರಿನ ಗಣಿತ, ಎಂ-3, ನನಗೆ ಮೊದಲ ಸಲ ಬ್ಯಾಕ್ ಉಳಿಯಿತು. ಆಮೇಲೆ ದಾಟಿದೆ, ಬಿಇ ಮುಗಿಸಿದೆ, ಇಲ್ಲಿಗೆ ಬಂದು ಎಂಎಸ್ ಮಾಡಿದೆ, ನಿಮ್ಮ ಹಾಗೆಯೇ ಕೆಲಸಕ್ಕೆ ಸೇರಿದೆ.

ಈಗ ತಪ್ಪೊಪ್ಪಿಗೆ. ಇಪ್ಪತ್ತು ವರ್ಷ ನನ್ನ ರೆಸ್ಯುಮೆಯಲ್ಲಿ ಡಿಪ್ಲೊಮಾ ಎಂಬ ಸಾಲೇ ಇರಲಿಲ್ಲ. ಮಗಳಿಗೆ ಗೊತ್ತಾಗಿದ್ದೂ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಹಳೇ ಮಾರ್ಕ್ಸ್ ಕಾರ್ಡು ಸಿಕ್ಕ ಮೇಲೆ. "ಅಪ್ಪ, ನೀನು ಟ್ರಾನ್ಸ್‌ಫರ್ ಸ್ಟೂಡೆಂಟಾ?" ಎಂದು ಕೇಳಿದಳು. ಹೌದು ಕಣೆ ಎನ್ನಲು ನನಗೆ ನಾಲಗೆ ತಡವರಿಸಿತು. ವಾರಕ್ಕೆರಡು ಸಂಜೆ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅಂಥದೇ ಮಕ್ಕಳಿಗೆ ಸ್ಟ್ಯಾಟಿಕ್ಸ್ ಪಾಠ ಮಾಡುವ ಅರೆಕಾಲಿಕ ಮೇಷ್ಟ್ರು ನಾನು. ಆದರೂ ತಡವರಿಸಿತು. ಹಾಗಾಗಿ ಆ ತಾಯಿಯ ಮೇಲೆ ಬೆರಳು ತೋರಿಸುವ ಯೋಗ್ಯತೆ ನನಗಿಲ್ಲ.

ನಮ್ಮ ನಾಚಿಕೆಗೆ ಒಂದು ವಿಚಿತ್ರ ಇದೆ, ಗಮನಿಸಿ. ನಮ್ಮ ಮಕ್ಕಳು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಇದೇ ಕಮ್ಯುನಿಟಿ ಕಾಲೇಜುಗಳಿಗೆ, ಡಿ ಆಂಜಾಗೋ ಫುಟ್‌ಹಿಲ್‌ಗೋ ಮಿಷನ್ ಕಾಲೇಜಿಗೋ, ಕ್ಯಾಲ್ಕುಲಸ್ ಕಲಿಯಲು ಕಳಿಸುತ್ತೇವೆ. "ನಮ್ಮವಳು ಹತ್ತನೇ ಕ್ಲಾಸಿಗೇ ಕಾಲೇಜು ಮ್ಯಾತ್ ಮುಗಿಸಿದಳು" ಎಂದು ಹೇಳಿಕೊಳ್ಳುತ್ತೇವೆ. ಅದೇ ಕೋಣೆ, ಅದೇ ಮೇಷ್ಟ್ರು, ಅದೇ ಪರೀಕ್ಷೆ. ಹನ್ನೆರಡನೇ ತರಗತಿ ಮುಗಿಸಿದವನು ಅದೇ ಕೋಣೆಯಲ್ಲಿ ಕೂತರೆ ಮಾತ್ರ ತಲೆ ತಗ್ಗಿಸುತ್ತೇವೆ. ಹೆಮ್ಮೆ ಎಲ್ಲಿ ಮುಗಿದು ನಾಚಿಕೆ ಎಲ್ಲಿ ಶುರುವಾಯಿತು ಎಂದು ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ.

ಈ ಕಾಲೇಜುಗಳು ಸೀಟು ಸಿಗದವರನ್ನು ಸಮಾಧಾನಪಡಿಸಲು ಹುಟ್ಟಿದವಲ್ಲ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆಗಿನ ಅಧ್ಯಕ್ಷ ಕ್ಲಾರ್ಕ್ ಕೆರ್ ಅದರ ಹಿಂದಿದ್ದ ಮುಖ್ಯ ವ್ಯಕ್ತಿ. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲಿಗೆ ಯುಸಿ, ಮೇಲಿನ ಮೂರನೇ ಒಂದು ಪಾಲಿಗೆ ಸ್ಟೇಟ್ ಯೂನಿವರ್ಸಿಟಿ, ಉಳಿದ ಯಾರೇ ಬಂದರೂ ಎರಡು ವರ್ಷದ ಕಾಲೇಜು. ಇಷ್ಟಕ್ಕೇ ಬಿಟ್ಟಿದ್ದರೆ ಅದು ಜರಡಿ ಹಿಡಿಯುವ ಲೆಕ್ಕವಾಗುತ್ತಿತ್ತು. ಯೋಜನೆಯ ಜೀವ ಇದ್ದದ್ದು ಮುಂದಿನ ಮಾತಿನಲ್ಲಿ. ವಿಶ್ವವಿದ್ಯಾಲಯಗಳು ಮೊದಲೆರಡು ವರ್ಷದ ತರಗತಿಗಳನ್ನು ಕಿರಿದಾಗಿಟ್ಟುಕೊಂಡು, ಮೂರನೇ ವರ್ಷಕ್ಕೆ ಈ ಕಾಲೇಜುಗಳಿಂದ ಬರುವವರಿಗೆ ಜಾಗ ಉಳಿಸಿಡಬೇಕು. ಅಂದರೆ ಈ ಬಾಗಿಲನ್ನು ಹಿಂದಿನಿಂದ ಕೊರೆದು ಮಾಡಿದ್ದಲ್ಲ, ಮನೆ ಕಟ್ಟುವಾಗಲೇ ಇಟ್ಟಿದ್ದು. ಈಗ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಯುಸಿಗೆ ವರ್ಗವಾಗಿ ಬರುವ ವಿದ್ಯಾರ್ಥಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಇವುಗಳಿಂದಲೇ ಬಂದವರು. ಕೊನೆಗೆ ಕೈಗೆ ಬರುವ ಪದವಿ ಪತ್ರದಲ್ಲಿ ನಾಲ್ಕು ವರ್ಷ ಅಲ್ಲೇ ಓದಿದವನಿಗೂ ಎರಡು ವರ್ಷ ಓದಿದವನಿಗೂ ಒಂದಕ್ಷರದ ವ್ಯತ್ಯಾಸ ಇರುವುದಿಲ್ಲ. ಇಲ್ಲಿ 400 ಎಂಬ ನಂಬರಿಲ್ಲ. ಅದನ್ನು ಮನಸ್ಸಿನಲ್ಲಿ ಬರೆದುಕೊಂಡಿರುವವರು ನಾವು.

ಕುಪರ್ಟಿನೋದ ಡಿ ಆಂಜಾವನ್ನೇ ತೆಗೆದುಕೊಳ್ಳಿ. 1967ರಲ್ಲಿ ಶುರುವಾದ ಕಾಲೇಜು. 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ಲೋಕಕ್ಕೆ ಪರಿಚಯವಾದದ್ದು ಅದರ ಆವರಣದ ಫ್ಲಿಂಟ್ ಸೆಂಟರಿನಲ್ಲಿ. ಆ ಸಭಾಂಗಣ ಈಗಿಲ್ಲ. ಆದರೆ ನಮ್ಮಲ್ಲಿ ಹಳಬರು ಟಿಕೆಟ್ ಕೊಂಡು ಅಲ್ಲಿ ಕಛೇರಿ ಕೇಳಿದವರು. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೊಲೊರಾಡೊದಲ್ಲಿ ಒಂದು ವರ್ಷ ಓದಿ ವಾಪಸು ಬಂದು, ಡಿ ಆಂಜಾದಲ್ಲಿ ಕಲಿತು, ಆಮೇಲೆ ಬರ್ಕ್ಲಿಗೆ ಹೋದವನು. ಅಲ್ಲಿಂದಲೂ ನಡುವೆ ಬಿಟ್ಟು ಎಂಜಿನಿಯರಿಂಗ್ ಪದವಿ ಮುಗಿಸಿದ್ದು 1986ರಲ್ಲಿ. ಈ ಕಥೆಯನ್ನು ನಾನು ಕ್ಲಾಸಿನಲ್ಲಿ ಹೇಳುವುದಿಲ್ಲ. ವೋಜ್ನಿಯಾಕ್ ಆಗುವವನು ಯಾವ ದಾರಿಯಲ್ಲಿ ಹೋದರೂ ಆಗುತ್ತಾನೆ. ನನ್ನ ಮಾತು ನಿಮ್ಮ ಮನೆಯ, ನನ್ನ ಮನೆಯ ಸಾಧಾರಣ ಜಾಣ ಮಕ್ಕಳ ಬಗ್ಗೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ರಾಜ್ಯದ ನಿವಾಸಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಡಿ ಆಂಜಾದಂಥ ಕ್ವಾರ್ಟರ್ ಲೆಕ್ಕದ ಕಾಲೇಜಿನಲ್ಲಿ 31. ವರ್ಗವಾಗಲು ಬೇಕಾದ 90 ಕ್ವಾರ್ಟರ್ ಯೂನಿಟ್‌ಗೆ 2,790 ಡಾಲರ್. ಪುಸ್ತಕ, ಸಣ್ಣಪುಟ್ಟ ಶುಲ್ಕ ಬೇರೆ. ಯುಸಿಯಲ್ಲಿ ಬೋಧನಾ ಶುಲ್ಕವೊಂದೇ ವರ್ಷಕ್ಕೆ 13 ಸಾವಿರ ಡಾಲರ್ ದಾಟುತ್ತದೆ, ಹಾಸ್ಟೆಲು ಊಟದ್ದು ಅದಕ್ಕಿಂತ ಹೆಚ್ಚು. ಉಳಿತಾಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅಗ್ಗ ಎಂಬ ಒಂದೇ ಕಾರಣಕ್ಕೆ ಮಗನನ್ನು ಇಲ್ಲಿಗೆ ಹಾಕಿ ಸುಮ್ಮನಾಗಬೇಡಿ. ಎಂಜಿನಿಯರಿಂಗ್‌ಗೆ ಹೋಗುವ ಮಕ್ಕಳಿಗೆ ಈ ಎರಡು ವರ್ಷ ಬಹಳ ಇಕ್ಕಟ್ಟಿನ ದಾರಿ. ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ಬೇರೆ ವಿಷಯಗಳಲ್ಲಿ ತರಗತಿಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಎಂಜಿನಿಯರಿಂಗ್‌ನಲ್ಲಿ ಅವು ರೈಲಿನ ಬೋಗಿಗಳ ಹಾಗೆ, ಒಂದಕ್ಕೊಂದು ಕೊಂಡಿ. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ಅಂದರೆ ಮ್ಯಾತ್ 1ಎ, 1ಬಿ, 1ಸಿ, 1ಡಿ, ನಾಲ್ಕು ಕ್ವಾರ್ಟರು. ಅದರ ಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್ ಮತ್ತು ಲೀನಿಯರ್ ಆಲ್ಜಿಬ್ರಾ, ಇನ್ನೆರಡು. ಫಿಸಿಕ್ಸ್ 4ಎಯಿಂದ 4ಡಿವರೆಗೆ ನಾಲ್ಕು. ಫಿಸಿಕ್ಸ್ ಹತ್ತಬೇಕಾದರೆ ಮೊದಲು ಕ್ಯಾಲ್ಕುಲಸ್‌ಗೆ ಕಾಲಿಟ್ಟಿರಬೇಕು. ನನ್ನ ಸ್ಟ್ಯಾಟಿಕ್ಸ್ ಕ್ಲಾಸಿಗೆ ಬರಬೇಕಾದರೆ ಫಿಸಿಕ್ಸಿನ ಮೆಕ್ಯಾನಿಕ್ಸ್ ಮುಗಿದಿರಬೇಕು. ಇದರ ಜೊತೆಗೆ ಕೆಮಿಸ್ಟ್ರಿ, ಪ್ರೋಗ್ರಾಮಿಂಗ್, ಎಲೆಕ್ಟ್ರಿಕಲ್‌ನವರಿಗೆ ಸರ್ಕ್ಯೂಟ್ಸ್. ಎರಡು ವರ್ಷಕ್ಕೆ ಇರುವುದು ಆರು ಕ್ವಾರ್ಟರು, ಬೇಸಿಗೆ ಬೇರೆ. ಮೊದಲ ದಿನವೇ 1ಎಯಲ್ಲಿ ಕೂತವನಿಗೆ ಎಲ್ಲವೂ ಅಂಚಿಗೆ ಅಂಚು ಹೊಂದುತ್ತದೆ. ಪ್ರಿ-ಕ್ಯಾಲ್ಕುಲಸ್‌ನಿಂದ ಶುರು ಮಾಡಿದವನಿಗೆ ಮೂರು ವರ್ಷ ಹಿಡಿಯುತ್ತದೆ. ಹಿಡಿದರೆ ಹಿಡಿಯಲಿ, ತಪ್ಪೇನಿಲ್ಲ, ಆದರೆ ಅದು ಮೊದಲೇ ಗೊತ್ತಿರಲಿ. ಎರಡು ವರ್ಷ ಎಂದುಕೊಂಡು ಬಂದವನಿಗೆ ಮೂರನೇ ವರ್ಷ ಸೋಲಿನ ಹಾಗೆ ಕಾಣುತ್ತದೆ. ಮೂರು ಎಂದೇ ಬಂದವನಿಗೆ ಅದು ಬರೀ ಮೂರನೇ ವರ್ಷ.

ಇನ್ನೊಂದು ತೊಡಕು ನನ್ನಂಥ ಮೇಷ್ಟ್ರುಗಳಿಗೆ ಗೊತ್ತು, ಮನೆಯವರಿಗೆ ಗೊತ್ತಿರುವುದಿಲ್ಲ. ಸ್ಟ್ಯಾಟಿಕ್ಸ್, ಸರ್ಕ್ಯೂಟ್ಸ್‌ನಂಥ ತರಗತಿಗಳಿಗೆ ಮಕ್ಕಳ ಸಂಖ್ಯೆ ಕಡಿಮೆ. ನಾನು ಪಾಠ ಮಾಡುವಲ್ಲಿ ಸ್ಟ್ಯಾಟಿಕ್ಸ್ ವರ್ಷಕ್ಕೆ ಒಂದೇ ಸಲ. ಆ ಬಸ್ಸು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಕಾಯಬೇಕಿಲ್ಲದ ಉಪಾಯವೂ ಇದೆ. ಒಂದೇ ಸಮಯದಲ್ಲಿ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ ಹೆಸರು ಬರೆಸಬಹುದು. ಸ್ಯಾರಟೋಗದ ವೆಸ್ಟ್ ವ್ಯಾಲಿ, ಸ್ಯಾನ್ ಹೋಸೆಯ ಎವರ್‌ಗ್ರೀನ್ ವ್ಯಾಲಿ, ಫ್ರೀಮಾಂಟಿನ ಓಲೋನಿ, ಲಿವರ್‌ಮೋರಿನ ಲಾಸ್ ಪೊಸಿಟಾಸ್, ಎಲ್ಲವೂ ನಮ್ಮ ಮನೆಗಳ ಆಸುಪಾಸಿನವೇ. ಯಾವ ಕಾಲೇಜಿನ ಯಾವ ತರಗತಿ ಯಾವ ವಿಶ್ವವಿದ್ಯಾಲಯದ ಯಾವ ತರಗತಿಗೆ ಸಮ ಎಂಬುದಕ್ಕೆ ಅಸಿಸ್ಟ್ ಎಂಬ ಅಧಿಕೃತ ಪಟ್ಟಿ ಇದೆ. ಮನೆ ಕೊಳ್ಳುವಾಗ ಪತ್ರ ನೋಡುವ ಹಾಗೆ ಅದನ್ನು ನೋಡಬೇಕು. ಡೇವಿಸ್‌ಗೆ ಬೇಕಾದದ್ದು ಬರ್ಕ್ಲಿಗೆ ಸಾಲದಿರಬಹುದು. ಮೆಕ್ಯಾನಿಕಲ್‌ಗೆ ಬೇಕಾದದ್ದು ಕಂಪ್ಯೂಟರ್‌ಗೆ ಬೇಡದಿರಬಹುದು. ಪಕ್ಕದ ಮನೆಯ ಹುಡುಗ ತಗೊಂಡದ್ದನ್ನೇ ತಗೊಳ್ಳುವುದು ಇಲ್ಲಿ ನಡೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ, ಇದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ. ಎರಡು ವರ್ಷದ ಕಾಲೇಜು ಎನ್ನುತ್ತೇವೆ, ಆದರೆ ಯುಸಿಗೆ ಅರ್ಜಿ ಹಾಕುವುದು ಎರಡನೇ ವರ್ಷದ ನವೆಂಬರಿನಲ್ಲಿ. ಆ ಹೊತ್ತಿಗೆ ಅಂಕಪಟ್ಟಿಯಲ್ಲಿ ಇರುವುದು ಮೊದಲ ವರ್ಷ ಮತ್ತು ಒಂದು ಬೇಸಿಗೆ. ಜನವರಿಯಲ್ಲಿ ಇನ್ನೊಂದು ಟರ್ಮಿನ ಅಂಕ ಸೇರಿಸಬಹುದು, ಅಷ್ಟೇ. ಹೈಸ್ಕೂಲು ಮುಗಿದ ಸುಸ್ತಿನಲ್ಲಿ ಮೊದಲ ಕ್ವಾರ್ಟರು ಆರಾಮಾಗಿರೋಣ ಎಂದುಕೊಂಡವನಿಗೆ ಆಮೇಲೆ ಸರಿಪಡಿಸಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ. ಇನ್ನೂ ಒಂದು ಗುಂಡಿ. ಒಂದು ವಿಷಯದಲ್ಲಿ ಸಿ ಗ್ರೇಡ್ ಬಂದರೆ ಅದನ್ನು ಮತ್ತೆ ತೆಗೆದುಕೊಳ್ಳುವ ಹಾಗಿಲ್ಲ, ಅದು ಶಾಶ್ವತ. ಅರ್ಧ ದಾರಿಯಲ್ಲಿ ಕೈ ಮೀರಿದೆ ಅನ್ನಿಸಿದರೆ ಗಡುವಿನೊಳಗೆ ಬಿಟ್ಟು ಡಬ್ಲ್ಯೂ, ಅಂದರೆ ವಿತ್‌ಡ್ರಾ ಗುರುತು, ಪಡೆಯುವುದೇ ಎಷ್ಟೋ ಸಲ ಜಾಣತನ. ನಮ್ಮ ಮಕ್ಕಳು ಇದನ್ನು ಮಾಡುವುದಿಲ್ಲ. ಯಾಕೆ ಎಂದು ಒಬ್ಬ ಹುಡುಗನನ್ನು ಕೇಳಿದೆ. "ಬಿಟ್ಟೆ ಅಂತ ಮನೇಲಿ ಹೇಳೋದು ಹೇಗೆ ಸರ್?" ಎಂದ. ಅವನಿಗೆ ಸಿ ಬಂತು.

ಖಾತರಿಯ ವಿಷಯ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಯುಸಿ ಕ್ಯಾಂಪಸ್‌ಗಳು ಟ್ಯಾಗ್ ಎಂಬ ವ್ಯವಸ್ಥೆ ಇಟ್ಟುಕೊಂಡಿವೆ. ಹೇಳಿದ ತರಗತಿ, ಹೇಳಿದ ಅಂಕ ಇದ್ದರೆ ಸೀಟು ಖಚಿತ. ಸೆಪ್ಟೆಂಬರಿನಲ್ಲಿ ಅರ್ಜಿ, ಒಂದೇ ಕ್ಯಾಂಪಸ್‌ಗೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊಗಳಲ್ಲಿ ಇದು ಇಲ್ಲ. ಇರುವ ಕಡೆಯೂ ಎಂಜಿನಿಯರಿಂಗ್ ವಿಭಾಗಗಳನ್ನು ಪೂರ್ತಿಯಾಗಿಯೋ ಸ್ವಲ್ಪಮಟ್ಟಿಗೋ ಹೊರಗಿಟ್ಟ ಕ್ಯಾಂಪಸ್‌ಗಳಿವೆ. "ಟ್ಯಾಗ್ ಇದೆಯಲ್ಲ, ಯೋಚನೆ ಯಾಕೆ" ಎನ್ನುವವರ ಮಾತು ಕೇಳಬೇಡಿ, ಆ ವರ್ಷದ ನಿಯಮ ಓದಿ.

ಈಗ ಕಹಿ. ದೇಶದ ಲೆಕ್ಕದಲ್ಲಿ ಕಮ್ಯುನಿಟಿ ಕಾಲೇಜು ಸೇರುವ ಬಹುಪಾಲು ಮಕ್ಕಳಿಗೆ ಮುಂದೆ ನಾಲ್ಕು ವರ್ಷದ ಪದವಿಯ ಆಸೆ ಇರುತ್ತದೆ. ಹಾಗೆ ವರ್ಗವಾಗುವವರು ಸುಮಾರು ಮೂರರಲ್ಲಿ ಒಬ್ಬರು. ಇದನ್ನು ಮುಚ್ಚಿಟ್ಟು ನಿಮಗೆ ಈ ದಾರಿಯನ್ನು ಮಾರುವುದು ನನ್ನಿಂದಾಗದು. ಆದರೆ ಉಳಿದಿಬ್ಬರು ದಡ್ಡರು ಎಂದು ಓದಿಕೊಳ್ಳಬೇಡಿ. ನನ್ನ ಸಂಜೆ ತರಗತಿಗೆ ಬಂದು ನೋಡಿ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವನು ನೇರ ಕ್ಲಾಸಿಂದ ಕೆಲಸಕ್ಕೆ ಹೋಗುತ್ತಾನೆ. ಸೈನ್ಯದಿಂದ ಬಂದವನೊಬ್ಬ ಮೊದಲ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾನೆ. ಎರಡು ಮಕ್ಕಳ ತಾಯಿ ಕ್ವಿಜ್ ಮುಗಿಸಿ ಡೇ ಕೇರಿನವರಿಗೆ ಮೆಸೇಜು ಕಳಿಸುತ್ತಾಳೆ. ಇವರು ಬಿಡುವುದು ಬಾಡಿಗೆಗೆ, ಪಾಳಿಗೆ, ಮಗುವಿನ ಜ್ವರಕ್ಕೆ. ಫ್ರೀ ಬಾಡಿ ಡಯಾಗ್ರಾಂ ಬರೆಯಲು ಬಾರದೆ ಬಿಟ್ಟವರು ನನಗೆ ಕಂಡಿದ್ದು ಕಡಿಮೆ.

ನಮ್ಮ ಮಕ್ಕಳಿಗೆ ಬಾಡಿಗೆಯ ಚಿಂತೆ ಇಲ್ಲ. ಅವರನ್ನು ಕೆಡವುವುದು ಬೇರೆ. ಅವರು ಕ್ಲಾಸು ಮುಗಿದ ತಕ್ಷಣ ಕಾರು ಹತ್ತಿ ಮನೆಗೆ ಹೋಗುತ್ತಾರೆ. ಗೆಳೆಯರೆಲ್ಲ ದೂರದ ಹಾಸ್ಟೆಲುಗಳಿಂದ ಫೋಟೊ ಕಳಿಸುತ್ತಿರುತ್ತಾರೆ. ಇವರು ತಮ್ಮ ಹಳೇ ಕೋಣೆಯಲ್ಲೇ, ಹಳೇ ಮೇಜಿನಲ್ಲೇ. ಮನೆಗೆ ನೆಂಟರು ಬಂದರೆ ಮಹಡಿ ಇಳಿಯುವುದಿಲ್ಲ, ಏನು ಓದುತ್ತಿದ್ದೀಯ ಎಂದು ಕೇಳಿಬಿಟ್ಟಾರು ಎಂಬ ಭಯ. ಟ್ಯೂಟರಿಂಗ್ ಕೇಂದ್ರಕ್ಕೆ ಹೋಗು ಎಂದರೆ ಹೋಗುವುದಿಲ್ಲ. ತಾನಿಲ್ಲಿ ಇರಬಾರದವನು ಎಂದುಕೊಂಡವನು ಇಲ್ಲಿ ಗೆಳೆಯರನ್ನು ಯಾಕೆ ಮಾಡಿಕೊಂಡಾನು? ಊಟದ ಸಾಲಿನಲ್ಲಿ ನಾವು ಮುಚ್ಚಿಟ್ಟದ್ದು ಮಗುವಿನ ಹೆಗಲ ಮೇಲೆ ಹೋಗಿ ಕೂರುತ್ತದೆ. ನಾನು ಕಂಡ ಮಟ್ಟಿಗೆ, ಗುಂಪು ಕಟ್ಟಿಕೊಂಡು ಲೈಬ್ರರಿಯಲ್ಲಿ ಕೂತು ಲೆಕ್ಕ ಬಿಡಿಸಿದವರು ದಾಟಿದ್ದಾರೆ. ಒಬ್ಬೊಬ್ಬರೇ ಯೂಟ್ಯೂಬ್ ನೋಡಿಕೊಂಡು ಕೂತವರು ತೊಳಲಾಡಿದ್ದಾರೆ.

ದಾಟಿದ ಮೇಲೂ ಒಂದು ಮೆಟ್ಟಿಲು ಇದೆ. ಮೂರನೇ ವರ್ಷಕ್ಕೆ ಹೋಗಿ ಸೇರಿದವರಿಗೆ ಮೊದಲ ಟರ್ಮಿನಲ್ಲಿ ಅಂಕ ಕುಸಿಯುವುದು ಸಾಮಾನ್ಯ. ದೊಡ್ಡ ತರಗತಿ, ಹೊಸ ವೇಗ, ಎರಡು ವರ್ಷದಿಂದ ಜೊತೆಯಾಗಿರುವವರ ನಡುವೆ ತಾನೊಬ್ಬ ಹೊಸಬ. ನನ್ನ ಎಂ-3ರ ಕಥೆಯೇ. ವಿಟಿಯು ಆಮೇಲಾದರೂ ಡಿಪ್ಲೊಮಾದಿಂದ ಬಂದವರಿಗೆ ಗಣಿತದ ಸೇತುವೆ ಪಾಠ ಇಟ್ಟಿತು. ಇಲ್ಲಿ ಆ ಸೇತುವೆಯನ್ನು ಮಕ್ಕಳೇ ಹುಡುಕಿಕೊಳ್ಳಬೇಕು. ಪ್ರೊಫೆಸರರ ಆಫೀಸಿನ ಬಾಗಿಲು ಬಡಿಯುವುದು, ಪ್ರಾಜೆಕ್ಟ್ ಗುಂಪು ಸೇರುವುದು, ಇಂಟರ್ನ್‌ಶಿಪ್‌ಗೆ ಮೊದಲ ತಿಂಗಳಿಂದಲೇ ಓಡಾಡುವುದು. ಆ ಮೊದಲ ಟರ್ಮು ದಾಟಿಸಿಬಿಟ್ಟರೆ ಮುಂದೆ ಸರಿಯಾಗುತ್ತದೆ. ಯುಸಿಯಲ್ಲಿ ಹೀಗೆ ಬಂದವರು ಪದವಿ ಮುಗಿಸುವ ಪ್ರಮಾಣ ಮೊದಲಿನಿಂದ ಅಲ್ಲೇ ಓದಿದವರಿಗೆ ಸರಿಸಮವಾಗಿಯೇ ಇದೆ.

ನಮ್ಮಲ್ಲಿ ಬಹಳ ಮನೆಗಳಿಗೆ ಸೇರಿದ ಇನ್ನೊಂದು ಮಾತು ಹೇಳಲೇಬೇಕು. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತವರ ಮಕ್ಕಳು ಎಚ್-4 ವೀಸಾದಲ್ಲಿ ಬೆಳೆಯುತ್ತಾರೆ. 21 ತುಂಬಿದ ದಿನ ಅಪ್ಪ-ಅಮ್ಮನ ವೀಸಾದ ಆಸರೆ ತಪ್ಪುತ್ತದೆ. 18ಕ್ಕೆ ಕಮ್ಯುನಿಟಿ ಕಾಲೇಜು ಸೇರಿದವನಿಗೆ ಆ ಹುಟ್ಟುಹಬ್ಬ ಬರುವುದು ವರ್ಗವಾಗುವ ಹೊತ್ತಿನ ಹಿಂದೆ ಮುಂದೆಯೇ. ಎರಡು ವರ್ಷದ ಲೆಕ್ಕ ಮೂರಕ್ಕೆ ಜಾರಿದರೆ ಅದು ನಡುಮಧ್ಯಕ್ಕೇ ಬಂದು ಬೀಳುತ್ತದೆ. ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ನಿವಾಸಿ ಶುಲ್ಕ, ಕೆಲಸದ ಅನುಮತಿ ಎಲ್ಲದರ ಲೆಕ್ಕ ಬೇರೆಯಾಗಬಹುದು. ಇದಕ್ಕೆ ಅಂಕಲ್‌ಗಳ ಸಲಹೆ ಸಾಲದು, ನನ್ನದೂ ಸೇರಿ. ಮೊದಲ ವರ್ಷವೇ ವಲಸೆ ವಕೀಲರನ್ನೂ ಕಾಲೇಜಿನ ದಾಖಲಾತಿ ಕಚೇರಿಯನ್ನೂ ಕೇಳಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ತರಗತಿಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಲ್ಲಿ ಕೇಳುವುದು ಮೂರೇ.

ಒಂದು, ಮಕ್ಕಳ ಪರವಾಗಿ ನೀವೇ ಅವಮಾನ ಪಡಬೇಡಿ. ಮಗಳೋ ಮಗನೋ ಕಮ್ಯುನಿಟಿ ಕಾಲೇಜಿನಿಂದ ಎಂಜಿನಿಯರಿಂಗ್‌ಗೆ ಹೋಗುವ ಯೋಚನೆಯಲ್ಲಿದ್ದರೆ ಕಾಲೇಜಿನ ಹೆಸರನ್ನು ನೆಟ್ಟಗೆ ಹೇಳಿ. "ಸದ್ಯಕ್ಕೆ", "ಒಂದು ವರ್ಷ ಅಷ್ಟೇ" ಎಂಬ ಬಾಲಂಗೋಚಿ ಬೇಡ.

ಎರಡು, ಈ ದಾರಿಯಲ್ಲಿ ಹೋಗಿ ಡೇವಿಸ್‌ನಲ್ಲೋ ಸ್ಯಾನ್ ಹೋಸೆ ಸ್ಟೇಟ್‌ನಲ್ಲೋ ಓದುತ್ತಿರುವ, ಈಗಾಗಲೇ ಕೆಲಸಕ್ಕೆ ಸೇರಿರುವ ಮಕ್ಕಳು ನಮ್ಮ ನಡುವೆ ಇದ್ದಾರೆ. ನಮ್ಮ ಕಾರ್ಯಕ್ರಮಗಳಲ್ಲಿ ಹೆಸರಾಂತ ಕಾಲೇಜು ಸೇರಿದವರನ್ನು ವೇದಿಕೆಗೆ ಕರೆದು ಹೂವಿನ ಗುಚ್ಛ ಕೊಡುತ್ತೇವೆ. ಅದೇ ವೇದಿಕೆಗೆ ಇವರನ್ನೂ ಕರೆಯೋಣ. ಗುಚ್ಛಕ್ಕಿಂತ ಹೆಚ್ಚಾಗಿ ಮೈಕು ಕೊಡೋಣ. ಯಾವ ಕ್ವಾರ್ಟರಿನಲ್ಲಿ ಯಾವ ತರಗತಿ ತಗೊಂಡೆ, ಎಲ್ಲಿ ಎಡವಿದೆ, ಯಾರ ಹತ್ತಿರ ಕೇಳಿದೆ ಎಂದು ಹತ್ತು ನಿಮಿಷ ಅವರು ಹೇಳಿದರೆ, ಸಾವಿರಾರು ಡಾಲರ್ ತೆಗೆದುಕೊಳ್ಳುವ ಸಲಹೆಗಾರರು ಹೇಳುವುದಕ್ಕಿಂತ ಹೆಚ್ಚು ಉಪಯೋಗ.

ಮೂರು, ನನ್ನ ಹಾಗೆ 400ರ ಸಾಲಿನಿಂದ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತು. ಡಿಪ್ಲೊಮಾ ಮಾಡಿದವರು, ಬಿಎಸ್ಸಿ ಮುಗಿಸಿ ಎಂಸಿಎಗೆ ತಿರುಗಿದವರು, ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಸಿಇಟಿ ಬರೆದವರು. ನಮ್ಮ ಮಕ್ಕಳಿಗೆ ನಾವು ಹೇಳುವ ಕಥೆಯಲ್ಲಿ ಮಾತ್ರ ನಾವೆಲ್ಲ ನೇರ ದಾರಿಯಲ್ಲಿ ಬಂದವರು. ಆ ಟ್ರಂಕು ತೆಗೆಯಿರಿ. ಮಾರ್ಕ್ಸ್ ಕಾರ್ಡು ತೋರಿಸಿ. ನಾನೀಗ ರೆಸ್ಯುಮೆಯಲ್ಲಿ ಆ ಸಾಲು ಸೇರಿಸಿದ್ದೇನೆ. ಯಾರೂ ಕೇಳಿಲ್ಲ. ಇಪ್ಪತ್ತು ವರ್ಷ ನಾನು ಹೆದರಿದ್ದು ಯಾರೂ ಕೇಳದ ಪ್ರಶ್ನೆಗೆ.

ಯುಗಾದಿಯ ದಿನ ಕಂಡ ತಾಯಿಗೆ ಒಂದು ಮಾತು. ಅಮ್ಮಾ, ಇದನ್ನು ಓದುತ್ತಿದ್ದರೆ, ಆ ದಿನ ಪಕ್ಕದಲ್ಲೇ ಇದ್ದೂ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ನಿಮ್ಮ ಹುಡುಗನಿಗೆ 1ಎಯಿಂದಲೇ ಶುರು ಮಾಡು ಎಂದಿದ್ದೇನೆ. ಬೇಸಿಗೆಯಲ್ಲಿ ಟ್ರಿಗ್ನಾಮೆಟ್ರಿ ಒಂದು ಸಲ ತಿರುವಿ ಹಾಕು, ಮೊದಲ ವಾರವೇ ಮೂವರನ್ನು ಹುಡುಕಿ ಓದುವ ಗುಂಪು ಮಾಡಿಕೋ ಎಂದೂ ಹೇಳಿದ್ದೇನೆ. ರಾಜ್ಯೋತ್ಸವದ ಊಟಕ್ಕೆ ನಾವು ಮತ್ತೆ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಅವನು ಇಂಟಿಗ್ರೇಷನ್ ಬಾಗಿಲಿಗೆ ಬಂದಿರುತ್ತಾನೆ. ಅವನನ್ನೂ ಕರೆದುಕೊಂಡು ಬನ್ನಿ. "ಎಲ್ಲಿ ಆಯ್ತು?" ಎಂದು ನಾನು ಕೇಳುವುದಿಲ್ಲ. "ಈಗ ಯಾವ ಮ್ಯಾತ್‌ನಲ್ಲಿದ್ದೀಯಪ್ಪ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತೇನೆ. ಅವನು ಉತ್ತರ ಹೇಳಲಿ.

ನಿಮ್ಮವನೇ ಒಬ್ಬ,
ಸನಿವೇಲ್